ಅತ್ತೆ ಹಚ್ಚಿದ ತುಕ್ಕು

ಮಾಗಡಿಯಿಂದ ಸೋಲೂರಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದೂವರೆ ಮೈಲಿ ಒಳಗೆ ನಡೆದರೆ ನನ್ನ ಅತ್ತೆಯ ಊರು. ಆ ಊರಿನಲ್ಲಿ ಕಾಫಿ ಕುಡಿಯುವವರು ಬೇಕಾದಷ್ಟು ಜನ ಇದ್ದರು, ಕಾಫಿ ಗಿಡವನ್ನು ಕಣ್ಣಲ್ಲಿ ಕಂಡವರು ಒಬ್ಬರೂ ಇರಲಿಲ್ಲ. ನನಗೆ ಬೇಕಾಗಿದ್ದದ್ದೂ ಅಂಥ ಊರೇ. ಇದನ್ನು ಊರಿನವರಿಗೆ ಬಿಡಿಸಿ ಹೇಳುವುದರಲ್ಲಿ ನನ್ನ ನಾಲಿಗೆ ಸವೆಯಿತೇ ಹೊರತು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದೆ ಇದ್ದದ್ದು ಅವರ ತಪ್ಪೂ ಅಲ್ಲ.

ನಾನಾಗ ಮಾಗಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನನ್ನ ಗಂಡ ಅಲ್ಲಿನ ಒಂದರಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದರು. ನಾನು ಪಾಠ ಮಾಡುವುದರ ಜೊತೆಗೆ ಬೆಂಗಳೂರಿನ ಪ್ರೊಫೆಸರೊಬ್ಬರ ಕೈಕೆಳಗೆ ಡಾಕ್ಟರೇಟಿಗೆ ಸೇರಿಕೊಂಡಿದ್ದೆ. ವಿಷಯ, ಕಾಫಿ ಎಲೆಗೆ ಬರುವ ತುಕ್ಕು ರೋಗ. ಕೆಲವು ತಳಿಯ ಗಿಡಗಳು ಈ ರೋಗಕ್ಕೆ ಸೊಪ್ಪು ಹಾಕುವುದಿಲ್ಲ, ಕೆಲವು ಒಂದೆರಡು ತಿಂಗಳಲ್ಲಿ ಎಲೆ ಉದುರಿಸಿ ಬೋಳಾಗುತ್ತವೆ. ತಡೆಯುವ ಗಿಡದ ಎಲೆಯೊಳಗೆ, ಒಂದೊಂದು ಜೀವಕೋಶದಲ್ಲಿ, ನಿಜವಾಗಿ ನಡೆಯುವುದೇನು ಎಂದು ನೋಡಿ ಬರೆಯುವುದು ನನ್ನ ಕೆಲಸ.

ಇದನ್ನು ಕಾಫಿ ಸೀಮೆಯಲ್ಲಿ ಮಾಡುವ ಹಾಗಿರಲಿಲ್ಲ. ಅಲ್ಲಿ ತುಕ್ಕಿನ ಪುಡಿ ಗಾಳಿಯಲ್ಲೇ ತೇಲುತ್ತಿರುತ್ತದೆ, ಯಾವ ತೋಟದ ರೋಗ ಯಾವ ಎಲೆಗೆ ತಗುಲಿತು ಅಂತ ಹೇಳಲಿಕ್ಕಾಗದು. ಆದ್ದರಿಂದ ಸುತ್ತಮುತ್ತ ಎಲ್ಲೂ ಕಾಫಿ ಇಲ್ಲದ ಜಾಗ ಬೇಕಿತ್ತು. ನಾನು ಮದುವೆಯಾಗಿ ಸೇರಿದ ಊರು ಯಾವುದೆಂದು ಕೇಳಿ ನನ್ನ ಪ್ರೊಫೆಸರು ಕುರ್ಚಿಯಿಂದ ಎದ್ದುಬಿಟ್ಟರು. "ಕಾಫಿ ಗಿಡ ಕನಸಿನಲ್ಲೂ ಬರದ ಊರು! ಎಂಥಾ ಸಂಬಂಧ ನೋಡಿ ಮಾಡಿದಾರ್ರೀ ನಿಮ್ಮ ಮನೆಯವರು!" ಅಂದರು. ನನ್ನ ಮದುವೆಯನ್ನು ಅಷ್ಟು ಮನಸಾರೆ ಹೊಗಳಿದವರು ಇನ್ನೊಬ್ಬರಿಲ್ಲ.

ಹಾಗೆ ಹತ್ತು ಕಾಫಿ ಗಿಡ ಕುಂಡಗಳ ಸಮೇತ ಬಸ್ಸಿನ ಮೇಲೇರಿ ಊರಿಗೆ ಬಂದವು. ಐದು ರೋಗ ತಡೆಯುವ ತಳಿ, ಐದು ತಡೆಯಲಾರದ ತಳಿ. ತಡೆಯುವ ಐದರ ಕುಂಡಕ್ಕೆ ಗುರುತಿಗೆಂದು ಸುಣ್ಣದ ಪಟ್ಟೆ ಬಳಿದೆ. ಮನೆಯ ಹಿಂದೆ ತೆಂಗಿನ ನೆರಳಲ್ಲಿ, ಸಾವನದುರ್ಗದ ಕಡೆ ಮುಖ ಮಾಡಿಕೊಂಡು ಸಾಲಾಗಿ ನಿಂತವು. ಪಕ್ಕದ ಮನೆಯ ತಾತ ಬೇಲಿಯ ಮೇಲೆ ಗಲ್ಲ ಊರಿ ನೋಡಿದರು.

"ಏನವ್ವಾ, ಕಾಫಿ ಬೆಳ್ಯಾಕೆ ಚಿಕ್ಕಮಗಳೂರ್ನಾಗೆ ಜಾಗ ಇರ್ನಿಲ್ವಾ?" ಅಂದರು.

"ಬೆಳೆಯೋಕಲ್ಲ ತಾತ. ಇವಕ್ಕೆ ರೋಗ ಬರಿಸೋಕೆ."

ತಾತ ಆಮೇಲೆ ಬಹಳ ದಿನ ನನ್ನ ಗಂಡನನ್ನು ಕಂಡಾಗಲೆಲ್ಲ ಮರುಕದಿಂದ ಮಾತಾಡಿಸುತ್ತಿದ್ದರಂತೆ.

ನನಗೆ ಡಾಕ್ಟರ್ ಅನ್ನಿಸಿಕೊಳ್ಳುವ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಎರಡು ಸಲ ಅವಧಿ ಮುಗಿದು, ಎರಡು ಸಲ ಕೈಕಾಲು ಹಿಡಿದು ಮುಂದೂಡಿಸಿಕೊಂಡಿದ್ದೆ. ಒಂದು ವರ್ಷ ಗಿಡ ಚಿಕ್ಕವು, ಇನ್ನೊಂದು ವರ್ಷ ಮಳೆ ಕೈಕೊಟ್ಟಿತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ "ಏನ್ ಮೇಡಂ, ಮುಗೀತಾ?" ಅನ್ನುವುದು ನಮಸ್ಕಾರದ ಬದಲಿಗೆ ಬಳಸುವ ಮಾತಾಗಿತ್ತು. ಪ್ರೊಫೆಸರು ಆ ವರ್ಷದ ಕೊನೆಗೆ ನಿವೃತ್ತರಾಗುವವರಿದ್ದರು. ಆ ಮಳೆಗಾಲದಲ್ಲಿ ತಡೆಯುವ ಗಿಡದ ಎಲೆಗಳನ್ನು ಸರಿಯಾದ ದಿನಕ್ಕೆ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದರೆ ಉಂಟು, ಇಲ್ಲದಿದ್ದರೆ ಅಷ್ಟು ವರ್ಷದ ಒದ್ದಾಟವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ.

ಇನ್ನು ಅತ್ತೆಯ ವಿಷಯ. ಮಾವ ತೀರಿಕೊಂಡ ಮೇಲೆ ರೇಷ್ಮೆ ಹುಳು ಸಾಕಣೆಯನ್ನು ಒಬ್ಬರೇ ನಡೆಸಿದ ಹೆಂಗಸು. ಅವರ ಗೂಡು ರಾಮನಗರದ ಮಾರುಕಟ್ಟೆಗೆ ಹೋದರೆ ಕೊಳ್ಳುವವರು ಬುಟ್ಟಿಯೊಳಗೆ ಕೈ ಆಡಿಸಿ ತಲೆದೂಗುತ್ತಿದ್ದರು. ಅದರ ಗುಟ್ಟು ಒಂದೇ, ಅವರು ರೋಗವನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹುಳುಮನೆಗೆ ಹೋಗುವವರು ಸುಣ್ಣದ ನೀರಲ್ಲಿ ಕಾಲು ಅದ್ದಬೇಕು. ಇನ್ನೊಬ್ಬರ ಹುಳುಮನೆ ಹೊಕ್ಕು ಬಂದವರು ಸ್ನಾನ ಮಾಡದೆ ಒಳಗೆ ಬರಕೂಡದು. ದಿನಾ ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮುಂದೆ ಕೂತು, ಒಂದೊಂದೇ ಎಲೆ ತಿರುವಿ, ಕಲೆ ಇದ್ದದ್ದನ್ನು ಆರಿಸಿ ಒಲೆಗೆ ಹಾಕುತ್ತಿದ್ದರು. ನಲವತ್ತು ವರ್ಷ ಅದನ್ನೇ ಮಾಡಿದ ಕೈ ಅದು. ಮಾತಾಡುತ್ತಲೇ, ನೋಡದೆಯೇ, ಬೆರಳಿಗೆ ಕಲೆ ಗೊತ್ತಾಗುತ್ತಿತ್ತು.

ಇಂಥ ಮನೆಗೆ ನಾನು ಬೆಂಗಳೂರಿನಿಂದ ಒಂದು ಪುಟ್ಟ ಡಬ್ಬಿಯಲ್ಲಿ ರೋಗ ತಂದೆ.

ಡಬ್ಬಿಯೊಳಗೆ ಮಾತ್ರೆಯ ಕೋಶದಂಥ ಒಂದು ಚಿಪ್ಪು, ಅದರೊಳಗೆ ಚಿಟಿಕೆಯಷ್ಟು ಕಿತ್ತಳೆ ಬಣ್ಣದ ಪುಡಿ. ಅದು ತುಕ್ಕಿನ ಬೀಜಕಣ. ಮಳೆ ಹನಿದು ಬಿಟ್ಟ ಒಂದು ಸಂಜೆ, ನಾನು ಬ್ರಷ್ಷಿನಿಂದ ಆ ಪುಡಿಯನ್ನು ಎಲೆಗಳ ಕೆಳಮೈಗೆ ಹಚ್ಚಿ, ನೀರು ಚಿಮುಕಿಸಿ, ಪ್ರತಿ ಗಿಡಕ್ಕೂ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿದೆ. ಬೇಲಿಯ ಮೇಲಿನ ತಾತ "ಮಳೇಲಿ ನೆನೀಬಾರ್ದು ಅಂತ ಕೊಪ್ಪೆ ಹಾಕ್ತಾವ್ಳೆ" ಎಂದು ಯಾರಿಗೋ ವಿವರಿಸುತ್ತಿದ್ದರು. ಅತ್ತೆ ಸೊಪ್ಪಿನ ಬುಟ್ಟಿ ಹೊತ್ತು ಬಂದವರು ನಿಂತರು.

"ಏನವ್ವಾ ಅದು, ಔಸ್ದಿಯಾ?"

"ಅಲ್ಲ ಅತ್ತೆ, ರೋಗ," ಅಂದೆ. ಮೇಷ್ಟರ ಬುದ್ಧಿ ನೋಡಿ, ಯಾರು ಏನು ಕೇಳಿದರೂ ಸರಿಯುತ್ತರ ಕೊಟ್ಟೇ ತೀರಬೇಕು.

ಅತ್ತೆ ಬುಟ್ಟಿ ಅಲ್ಲೇ ಇಳಿಸಿದರು. "ನೀನಾಗೇ ಹಚ್ತಿದೀಯಾ? ನೀನೇ ನೀರು ಹುಯ್ದು ಬೆಳ್ಸಿರೋ ಗಿಡಕ್ಕೆ, ಏನೂ ಅರೀದೆ ಇರೋದಕ್ಕೆ?"

ಇದು ಕಾಫಿಗೆ ಮಾತ್ರ ಬರುವ ತುಕ್ಕು, ಹಿಪ್ಪುನೇರಳೆಯ ತುಕ್ಕು ಬೇರೆ, ಹುಳುವಿಗೆ ಇದರಿಂದ ಏನೂ ಆಗದು ಅಂತ ಹೇಳಿದೆ. ರೋಗಕ್ಕೆ ಇಂಥಾ ಮನೆ, ಇಂಥಾ ಮನೆ ಅಲ್ಲ ಅಂತ ಇರುತ್ತದೆಯೇ ಎಂದು ಅವರು ಕೇಳಿದರು. ಇರುತ್ತದೆ, ಅದೇ ನನ್ನ ವಿಷಯ ಅಂದೆ. ಅವತ್ತಿನಿಂದ ನನಗೆ ಹುಳುಮನೆಯ ಪ್ರವೇಶ ಬಂದ್ ಆಯಿತು. ಗಿಡದ ಹತ್ತಿರ ಹೋಗಿ ಬಂದರೆ ಸೀರೆ ಬದಲಿಸಬೇಕು, ಅಡುಗೆಮನೆಗೂ ಕಾಲು ತೊಳೆದೇ ಬರಬೇಕು. ನಾನು ಉರಿದುಕೊಂಡೆ, ಆದರೂ ತೊಳೆದೆ.

ತುಕ್ಕು ಹಚ್ಚಿದ ನಾಲ್ಕನೆಯ ದಿನ ನನಗೆ ಬೆಂಗಳೂರಿನಲ್ಲಿ ಪರೀಕ್ಷೆ ಪತ್ರಿಕೆ ತಿದ್ದುವ ಕೆಲಸ ಬಿತ್ತು. ಆರು ದಿನ. ತಪ್ಪಿಸಿಕೊಳ್ಳುವಂತಿರಲಿಲ್ಲ. ಎಲೆಗಳನ್ನು ಹತ್ತನೆಯ ದಿನ ಕತ್ತರಿಸಿ ನೋಡಬೇಕಿತ್ತು, ಅಷ್ಟರಲ್ಲಿ ಬಂದುಬಿಡುತ್ತೇನಲ್ಲ ಅಂದುಕೊಂಡೆ. ಹೊರಡುವಾಗ ಅತ್ತೆಗೆ ಮೂರು ಸಲ ಹೇಳಿದೆ, ಗಿಡಗಳ ಹತ್ತಿರ ಯಾರೂ ಸುಳಿಯಬಾರದು, ನಾಯಿ ಕೂಡ. "ನಂಗೇನ್ ಬಂದೈತೆ ಅದ್ನ ಮುಟ್ಟಾಕೆ?" ಅಂದರು ಅತ್ತೆ. ಹತ್ತನೆಯ ದಿನ ಬೆಳಗ್ಗೆ ಮೊದಲ ಬಸ್ಸಿಗೆ ವಾಪಸು ಬಂದೆ. ಅತ್ತೆ ಬಹಳ ಉಲ್ಲಾಸವಾಗಿದ್ದರು. ಹಂಡೆಯಲ್ಲಿ ಬಿಸಿನೀರು ಕಾಯಿಸಿಟ್ಟಿದ್ದರು. ಬಸ್ಸಿನ ದಣಿವೆಲ್ಲ ಇಳಿಯುವ ಹಾಗೆ ಮಿಂದು, ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು, ಬಿಸಿ ರೊಟ್ಟಿಗೆ ಕೂತೆ.

"ನಿನ್ ಗಿಡದ ಕಾಯ್ಲೆ ವಾಸಿ ಮಾಡಿವ್ನಿ ಕಣವ್ವ," ಅಂದರು ಅತ್ತೆ ರೊಟ್ಟಿ ತಿರುವುತ್ತ. "ಸುಣ್ಣದ ಪಟ್ಟೆ ಗಿಡ ಐದ್ಕೂ ಎಲೆ ಮ್ಯಾಲೆಲ್ಲಾ ಸಣ್ ಸಣ್ ಕಲೆ ಬಂದ್ಬುಟ್ಟಿತ್ತು. ನೋಡಾಕಾಗ್ನಿಲ್ಲ. ನೆನ್ನೆ ಒಂದೂ ಬುಡ್ದಂಗೆ ಆಯ್ದಾಕ್ದೆ. ಮಿಕ್ಕಿದ್ ಐದು ದೇವ್ರಂಗವೆ, ಒಂದು ಚುಕ್ಕಿ ಇಲ್ಲ."

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ಆ ಎಲೆ ಎಲ್ಲಿ ಅತ್ತೆ?"

"ಹಂಡೆ ಒಲೆಗೆ ಹಾಕ್ದೆ. ನೀನೀಗ ಮಿಂದ್ಯಲ್ಲ, ಅದ್ರಾಗೇ ಕಾದಿದ್ದು ನೀರು."

ನನ್ನ ಪ್ರಬಂಧದಿಂದ ಕಾದ ನೀರಿನಲ್ಲಿ ನಾನೇ ಮಿಂದು ಬಂದಿದ್ದೆ. ತಲೆಗೂದಲಿನಿಂದ ಅದು ಇನ್ನೂ ತೊಟ್ಟಿಕ್ಕುತ್ತಿತ್ತು.

ಇಲ್ಲಿ ವಿಷಯ ಏನೆಂದು ಹೇಳಿಬಿಡುತ್ತೇನೆ. ತುಕ್ಕು ಬಲು ನಾಜೂಕಿನ ನೆಂಟ. ಅದಕ್ಕೆ ಸತ್ತದ್ದು ಸೇರದು, ಜೀವ ಇರುವ ಕೋಶವನ್ನೇ ಹೀರಬೇಕು. ಎಲೆಯ ಕೆಳಮೈಯಲ್ಲಿ ಉಸಿರಾಡುವ ಸಣ್ಣ ಬಾಗಿಲುಗಳಿರುತ್ತವೆ. ಬೀಜಕಣ ಮೊಳೆತು ಒಂದು ಎಳೆ ಬಿಟ್ಟು, ತಡಕಾಡಿ ಆ ಬಾಗಿಲು ಹುಡುಕಿ, ಒಳಹೊಕ್ಕು, ಮೊದಲು ಸಿಕ್ಕ ಕೋಶದೊಳಗೆ ಕೊಳವೆ ತೂರಿಸುತ್ತದೆ. ತಡೆಯಲಾರದ ಗಿಡದಲ್ಲಿ ಆ ಕೋಶ ಪಾಪ ಉಪಚಾರ ಮಾಡುತ್ತಲೇ ಇರುತ್ತದೆ. ಎಲೆ ಮೇಲಿನಿಂದ ಹಸಿರಾಗಿಯೇ ಕಾಣುತ್ತದೆ, ಒಳಗೆ ಮನೆ ಬರಿದಾಗುತ್ತಿರುತ್ತದೆ. ತಡೆಯುವ ಗಿಡದಲ್ಲಿ ಆ ಕೋಶಕ್ಕೆ ಬಂದವರು ಯಾರೆಂದು ಗುರುತು ಸಿಗುತ್ತದೆ. ಸಿಕ್ಕ ಕೂಡಲೇ ಅದು ಒಲೆ ಆರಿಸಿ ತಾನೇ ಸತ್ತುಬಿಡುತ್ತದೆ. ನೆಂಟನಿಗೆ ಊಟವಿಲ್ಲ, ಅಲ್ಲೇ ಒಣಗುತ್ತಾನೆ. ಎಲೆಯ ಮೇಲೆ ಕಾಣುವ ಕಂದು ಚುಕ್ಕಿ, ಅಂಥ ಕೆಲವು ಕೋಶಗಳು ಸತ್ತ ಜಾಗ.

ಅಂದರೆ ಕಲೆ ಇದ್ದ ಗಿಡ ಗೆದ್ದ ಗಿಡ. ಅತ್ತೆ ಗೆದ್ದ ಎಲೆಗಳನ್ನೆಲ್ಲ ಆಯ್ದು ಸುಟ್ಟು, ಸೋಲುತ್ತಿರುವ ಎಲೆಗಳಿಗೆ ದೃಷ್ಟಿ ತೆಗೆದಿದ್ದರು. ರೇಷ್ಮೆ ಸಾಕಣೆಯ ಹೆಂಗಸಲ್ಲದೆ ಇನ್ಯಾರೂ ಅಷ್ಟು ಅಚ್ಚುಕಟ್ಟಾಗಿ ಈ ತಪ್ಪು ಮಾಡಲಾರರು. ಬೇರೆಯವರಾಗಿದ್ದರೆ ನಾಲ್ಕು ಕಲೆಯೆಲೆಯನ್ನಾದರೂ ಬಿಟ್ಟಿರುತ್ತಿದ್ದರು.

ಇದನ್ನೆಲ್ಲ ಅವತ್ತು ಅಡುಗೆಮನೆಯಲ್ಲಿ ಕೂಗಿ ಹೇಳಿದೆ. ಅತ್ತೆ ಬಾಯಿ ಬಿಟ್ಟುಕೊಂಡು ಕೇಳಿದರು.

"ಅಂಗಂದ್ರೆ ಕಲೆ ಇರೋದು ಚೆಂದಾಗೈತೆ, ಚೆಂದಾಗಿರೋದು ಸಾಯ್ತದೆ ಅಂತೀಯಾ?"

"ಹೌದು!"

"ಓದಿರೋ ಮಗ ಇಂಗೆಲ್ಲಾ ಮಾತಾಡ್ಬಾರ್ದು ಕಣವ್ವ."

ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. "ನಿಮ್ಮ ಹುಳಕ್ಕಿರೋ ಬುದ್ಧಿನೂ ನಿಮಗಿಲ್ಲ," ಅಂದುಬಿಟ್ಟೆ. ಅತ್ತೆ ಕಾವಲಿ ಇಳಿಸಿ ಸೊಪ್ಪು ತರಲು ಹೋದರು.

ಅಲ್ಲಿಂದ ಹನ್ನೊಂದು ದಿನ ನಾನು ಅವರೊಡನೆ ಮಾತಾಡಲಿಲ್ಲ. ಅವರು ಮೊದಲ ಎರಡು ದಿನ ಪ್ರಯತ್ನಪಟ್ಟು ಸುಮ್ಮನಾದರು. ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರು ಮಾತಿಲ್ಲದೆ ಅಡುಗೆ ಮಾಡುವುದು ಸುಲಭವಲ್ಲ. ಪಾಳಿ ಮುಗಿಸಿ ಬಂದು ಹಗಲು ಮಲಗಿದ್ದ ನನ್ನ ಗಂಡನನ್ನು ಎಬ್ಬಿಸಿ "ಉಪ್ಪು ಎಲ್ಲಿದೆ ಅಂತ ಕೇಳಿ" ಅನ್ನುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ "ಅವ್ವಾ, ಉಪ್ಪು ಎಲ್ಲೈತಂತೆ?" ಅನ್ನುತ್ತಿದ್ದರು. "ಅಲ್ಲೇ, ಅವಳ ಕೈ ಪಕ್ಕದಾಗೇ ಐತೆ ಅನ್ನು" ಅನ್ನುತ್ತಿದ್ದರು ಅತ್ತೆ. "ನಿನ್ನ ಕೈ ಪಕ್ಕದಾಗೇ ಐತಂತೆ" ಎಂದು ಹೇಳಿ ಅವರು ಮಗ್ಗುಲು ಬದಲಿಸುತ್ತಿದ್ದರು. ಕಾರ್ಖಾನೆಯಲ್ಲೇ ನಿದ್ದೆ ಜಾಸ್ತಿ ಸಿಗುತ್ತದೆ ಎಂದು ಆಮೇಲೆ ಯಾರಿಗೋ ಹೇಳಿದರಂತೆ.

ಮಾಗಡಿಯ ಫೋನ್ ಬೂತಿನಿಂದ ಪ್ರೊಫೆಸರಿಗೆ ವಿಷಯ ತಿಳಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಅವರು "ಒಂದೂ ಬಿಡಲಿಲ್ವಾ? ನನಗೆ ಅಂಥ ಸಹಾಯಕರು ಸಿಗಲೇ ಇಲ್ಲ ನೋಡಿ," ಅಂದರು. ತಮ್ಮ ಹತ್ತಿರ ಬೇರೆ ಬೀಜಕಣ ಇಲ್ಲವೆಂದರು. ಆದರೆ ಸೋಲುವ ಐದು ಗಿಡಗಳಲ್ಲಿ ಇನ್ನೆರಡು ವಾರಕ್ಕೆ ಎಲೆಯಡಿ ಹೊಸ ಪುಡಿ ಏಳುತ್ತದೆ. ಅದನ್ನೇ ತೆಗೆದು, ಸುಣ್ಣದ ಪಟ್ಟೆಯ ಗಿಡಗಳ ತುದಿಯಲ್ಲಿ ಅಷ್ಟು ಹೊತ್ತಿಗೆ ಬಲಿತಿರುವ ಹೊಸ ಎಲೆಗಳಿಗೆ ಹಚ್ಚಿದರೆ ಇನ್ನೂ ಸಮಯವಿದೆ. "ಆ ಪುಡಿ ಚೆನ್ನಾಗಿ ಬರಲಿ ಅಂತ ದೇವರಲ್ಲಿ ಬೇಡಿಕೊಳ್ಳಿ," ಎಂದು ಫೋನಿಟ್ಟರು. ಕೊನೆಯ ಅವಕಾಶ ಅದು. ನಾನು ದಿನಾ ಎಲೆ ಎತ್ತಿ ಎತ್ತಿ ನೋಡಿದೆ.

ಹನ್ನೊಂದನೆಯ ದಿನ ಸಂಜೆ ಕಾಲೇಜಿನಿಂದ ಬಂದಾಗ ಮನೆಯ ಮುಂದೆ ಮದುವೆ ಮನೆಯಲ್ಲಿ ಬಿಟ್ಟ ಹಾಗೆ ಚಪ್ಪಲಿಗಳು ಬಿದ್ದಿದ್ದವು. ಹಿತ್ತಲಿಗೆ ಓಡಿದೆ. ಹದಿನೈದು ಇಪ್ಪತ್ತು ಜನ ಹೆಂಗಸರು, ನಡುವೆ ತಾತ. ಕಾಫಿ ಗಿಡಗಳ ಮುಂದೆ ತೆಂಗಿನಕಾಯಿ ಒಡೆದಿತ್ತು, ಊದುಬತ್ತಿ ಹೊಗೆಯಾಡುತ್ತಿತ್ತು. ಪುಡಿ ಬಂದಿತ್ತು! ಐದೂ ಗಿಡದ ಎಲೆಯಡಿ ಕಿತ್ತಳೆ ಹಳದಿಯ ಪುಡಿ ಎದ್ದಿತ್ತು. ಎದ್ದಿತ್ತು ಅಂತ ನನಗೆ ಗೊತ್ತಾದದ್ದು ನೆರೆದವರ ಹಣೆಗಳನ್ನು ನೋಡಿ. ಎಲ್ಲರ ಹಣೆಯ ಮೇಲೂ ನನ್ನ ಬೀಜಕಣ ಇತ್ತು.

"ಮಾರಮ್ಮ ಅರಿಸ್ನ ಬುಟ್ಟವ್ಳೆ ಕಣವ್ವಾ!" ಅಂದರು ತಾತ. "ಎಲೆ ಕೆಳೀಕೆ, ಯಾರ್ಗೂ ಕಾಣ್ದಂಗೆ! ಗಿಡ ನೆಟ್ಟ ಕೈ ನಿಂದು, ನೀನೂ ಒಸಿ ಹಚ್ಕೊ."

"ಅದು ಅರಿಶಿನ ಅಲ್ಲ, ರೋಗ! ಮುಟ್ಟಬೇಡಿ! ನನಗೆ ಬೇಕು ಅದು!"

ಮಾತಿನ ಮೊದಲರ್ಧ ಕೇಳಿ ಅವರು ಕೆನ್ನೆ ಬಡಿದುಕೊಂಡರು, ಉಳಿದರ್ಧ ಕೇಳಿ ನಕ್ಕರು. ರೋಗ ಅಂತಾಳೆ, ಬೇಕು ಅಂತಾಳೆ. ಒಬ್ಬ ಅಜ್ಜಿ ಇನ್ನೊಂದು ಎಲೆ ಎತ್ತಿ ಉಜ್ಜಿ ತಾಳಿಗೆ ಒತ್ತಿಕೊಂಡರು. ನಾನು ಗಿಡಕ್ಕೆ ಅಡ್ಡ ನಿಂತೆ. ಅಳು ಬರುತ್ತಿತ್ತು. ಅಷ್ಟೂ ಹೊತ್ತು ಅತ್ತೆ ತೆಂಗಿನ ಮರಕ್ಕೆ ಒರಗಿ ಒಂದು ಎಲೆಯನ್ನೇ ನೋಡುತ್ತಿದ್ದರು. ಪುಡಿಯನ್ನು ಬೆರಳಲ್ಲಿ ತೀಡಿ ಮೂಸಿದರು. ಆಮೇಲೆ ತಾತನ ಹತ್ತಿರ ಬಂದು, "ನಿನ್ ಎಲಡ್ಕೆ ಚೀಲ ತತ್ತಾ ಇಲ್ಲಿ" ಅಂದರು.

ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಅಂಗೈಯಲ್ಲಿ ಒಂದಿಷ್ಟು ಸುಣ್ಣ ಹಾಕಿಕೊಂಡು, ಅದರ ಮೇಲೆ ಎಲೆಯ ಪುಡಿ ಉದುರಿಸಿ, ಬೆರಳಲ್ಲಿ ಕಲೆಸಿ ಎಲ್ಲರ ಮುಂದೆ ಹಿಡಿದರು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಗೊತ್ತಿಲ್ಲದ ಹೆಂಗಸು ಯಾರಿದ್ದಾರೆ, ಆರತಿ ನೀರು ಮಾಡದ ಮನೆ ಯಾವುದಿದೆ. ಎಲ್ಲರೂ ಬಗ್ಗಿ ನೋಡಿದರು. ಕಾದರು. ಅಂಗೈ ಕೆಂಪಾಗಲಿಲ್ಲ.

"ಅರಿಸ್ನ ಅಲ್ಲ," ಅಂದರು ಅತ್ತೆ. "ನಮ್ ಸೊಸೆ ಹೇಳಿದ್ದೇ ದಿಟ. ಇದು ರೋಗ."

ಮೂರು ವರ್ಷ ನಾನು ಬಾಯಿ ಬಡಿದುಕೊಂಡದ್ದನ್ನು ಒಂದು ಅಡಕೆ ಚೀಲ ಸಾಬೀತು ಮಾಡಿತು. ಭಕ್ತಿ ಹೋದ ಜಾಗಕ್ಕೆ ಭಯ ಬಂತು. ಎಲ್ಲರೂ ನಲ್ಲಿಯ ಹತ್ತಿರ ನೂಕಾಡಿಕೊಂಡು ಹಣೆ ಉಜ್ಜಿಕೊಂಡರು, ತಾಳಿಗೆ ಒತ್ತಿಕೊಂಡ ಅಜ್ಜಿ ಸೋಪು ಕೇಳಿದರು. ಹಾಗೆ ತೊಳೆದುಕೊಂಡು ಬಂದವರೇ ಗಿಡ ಕಿತ್ತುಹಾಕಿ ಎಂದು ಎದ್ದರು. ಊರಿನ ಹಿಪ್ಪುನೇರಳೆಗೆ ತಗುಲಿದರೆ ಹುಳದ ಗತಿ ಏನು ಅಂದರು. ಅದು ಅತ್ತೆಯದೇ ಹಳೆಯ ಮಾತು.

"ಹದಿನೈದು ಮಾರು ಆಚೆ ನನ್ ಹುಳಾನೇ ಐತೆ," ಅಂದರು ಅತ್ತೆ. "ನಂಗಿಲ್ದಿರೋ ದಿಗಿಲು ನಿಮ್ಗ್ಯಾಕೆ? ನಮ್ ಗಿಡ, ನಮ್ ರೋಗ. ಹೋಗ್ರವ್ವಾ, ಹೊತ್ತಾಯ್ತು."

ಎಲ್ಲರೂ ಹೋದ ಮೇಲೆ ಎಲೆಗಳನ್ನು ನೋಡಿದೆ. ಒರೆಸಿ ಒರೆಸಿ ಬರಿದು ಮಾಡಿದ್ದರು. ಕೊನೆಯ ಗಿಡದ ಬುಡದಲ್ಲಿ, ಬಗ್ಗಲಾರದವರಿಗೆ ಎಟುಕದ ಎರಡು ಎಲೆಗಳಲ್ಲಿ ಮಾತ್ರ ಪುಡಿ ಉಳಿದಿತ್ತು. ಎರಡೂ ಸೇರಿ ಚಿಟಿಕೆಗೂ ಕಡಿಮೆ. ಬ್ರಷ್ಷು ತಂದು ಎಲೆಗೆ ತಾಗಿಸಿದೆ, ಅರ್ಧ ನೆಲಕ್ಕುದುರಿತು.

"ನೀನು ಅವೊತ್ತೂ ಇಂಗೇ ಬಳೀತಿದ್ದೆ, ಗೋಡೆಗೆ ಸುಣ್ಣ ಬಳ್ದಂಗೆ," ಹಿಂದಿನಿಂದ ಅತ್ತೆ ಅಂದರು. "ಈಚೆ ಬಾ."

ಹುಳುಮನೆಯಿಂದ ಒಂದು ಕೋಳಿಗರಿ ತಂದರು. ಮೊಟ್ಟೆಯಿಂದ ಆಗ ತಾನೇ ಹೊರಬಂದ, ಕೂದಲಿನಷ್ಟು ಸಣ್ಣ ಹುಳುಗಳನ್ನು ತಟ್ಟೆಗೆ ಇಳಿಸುವ ಗರಿ ಅದು. ಒಂದು ಹುಳಕ್ಕೂ ನೋವಾಗದ ಹಾಗೆ ಸಾವಿರ ಹುಳುಗಳನ್ನು ಅದರ ತುದಿಯಲ್ಲಿ ಸರಿಸಬಲ್ಲರು. ಆ ಗರಿಯಿಂದ ಅತ್ತೆ ಉಳಿದ ಪುಡಿಯನ್ನು ಒಂದು ಕಣವೂ ಉದುರದಂತೆ ಎತ್ತಿ, ಸುಣ್ಣದ ಪಟ್ಟೆಯ ಗಿಡಗಳ ಹೊಸ ಎಲೆಗಳ ಅಡಿಗೆ ಮುಟ್ಟಿಯೂ ಮುಟ್ಟದ ಹಾಗೆ ಸವರಿದರು. ನನ್ನ ಪ್ಲಾಸ್ಟಿಕ್ ಚೀಲ ನೋಡಿ ಮೂಗು ಮುರಿದು, ಮರಿಹುಳದ ತಟ್ಟೆಗೆ ಹೊದಿಸುವ ಮೇಣದ ಕಾಗದ ಸುತ್ತಿ, ಒಳಗೆ ಒದ್ದೆ ಸ್ಪಂಜಿನ ತುಂಡು ಇಟ್ಟರು. ಎಳೆಯದಕ್ಕೆ ತೇವ ಹೇಗೆ ಇರಬೇಕೆಂದು ಅವರಿಗೆ ಗೊತ್ತಿತ್ತು. ಆಮೇಲೆ ಕೈ ಮುಗಿದು ನಿಂತರು.

"ಅವ್ವಾ ಮಾರಮ್ಮಾ, ತೆಪ್ಪು ತಿಳ್ಕೊಬ್ಯಾಡ. ಈ ಐದ್ ಗಿಡಕ್ಕೆ ಒಳ್ಳೆ ರೋಗ ಹತ್ಲಿ. ಜಲ್ದಿ ಕಲೆ ಬರ್ಲಿ."

ಹುಟ್ಟಿದಾಗಿನಿಂದ ರೋಗವನ್ನು ದೂರವಿಡು ಎಂದು ಬೇಡಿಕೊಂಡ ಬಾಯಿ ಅದು. ನನಗೆ ಅವರ ಕಾಲು ಮುಟ್ಟಬೇಕೆನಿಸಿತು. ಆದರೆ ಒಣ ಬಿಗುಮಾನ, "ಥ್ಯಾಂಕ್ಸ್ ಅತ್ತೆ" ಎಂದಷ್ಟೇ ಹೇಳಿ ಒಳಗೆ ಹೋದೆ.

ಮರುದಿನದಿಂದ ಅತ್ತೆ ಏಳುತ್ತಲೇ ಹುಳುಗಳನ್ನು ನೋಡುವ ಮೊದಲು ಈ ಎಲೆಗಳನ್ನು ನೋಡುತ್ತಿದ್ದರು. ಐದು ದಿನ ಹೋಯಿತು, ಆರು ಹೋಯಿತು, ಎಲೆ ಫಳಫಳ ಹೊಳೆಯುತ್ತಿತ್ತು. ಏಳನೆಯ ದಿನ ಅವರು ಊಟ ಸರಿಯಾಗಿ ಮಾಡಲಿಲ್ಲ. "ನನ್ ಕೈ ಹಚ್ಚಿದ್ರೆ ರೋಗಾನೂ ಹತ್ನಿಲ್ವಲ್ಲ," ಎಂದು ಮಗನ ಮುಂದೆ ಕಣ್ಣೊರೆಸಿಕೊಂಡರು. ಬೇಲಿಯ ಮೇಲಿನ ತಾತ ಕೂಡ ಬೆಳಗ್ಗೆ ಎದ್ದು "ಏನಾರಾ ಬಂತಾ?" ಎಂದು ಕೇಳುವ ಹಾಗಾಯಿತು. ಒಂದು ಊರು ಹೀಗೆ ಕಾಯಿಲೆಗಾಗಿ ಕಾದದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಒಂಬತ್ತನೆಯ ದಿನ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ಅತ್ತೆ ಬಂದು ನಿಂತರು. ಸೊಂಟದ ಮೇಲೆ ಒದ್ದೆ ಬಟ್ಟೆಯ ಗಂಟು. ಬಸ್ಸಿಳಿದು ಓಡಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದರು.

"ಬಂತು ಕ‍ಣವ್ವಾ! ಬಂತು!"

ಮಕ್ಕಳೆಲ್ಲ ಎದ್ದು ನಿಂತರು. ಮುಂದಿನ ಬೆಂಚಿನ ಹುಡುಗಿ "ಯಾರು ಬಂದ್ರು ಮಿಸ್?" ಅಂದಳು.

"ರೋಗ," ಅಂದೆ. ಸಂತೋಷಕ್ಕೆ ಕೈಯಲ್ಲಿದ್ದ ಸೀಮೆಸುಣ್ಣ ಮುರಿದು ಹೋಗಿತ್ತು. ತರಗತಿ ಬಿಟ್ಟೆ.

ಗಂಟಿನೊಳಗೆ ಆರು ಎಲೆಗಳಿದ್ದವು. ಹೊಲದಿಂದ ತಂದ ಸೊಪ್ಪು ಹುಳದ ಬಾಯಿಗೆ ಹೋಗುವ ತನಕ ಬಾಡಬಾರದೆಂದು ಹೇಗೆ ಕಟ್ಟುತ್ತಾರೋ ಹಾಗೆ, ಒದ್ದೆ ಬಟ್ಟೆಯ ಪದರದೊಳಗೆ ಒಂದಕ್ಕೊಂದು ತಾಗದಂತೆ ಇಟ್ಟಿದ್ದರು. ಗಿಡದಲ್ಲಿದ್ದಷ್ಟೇ ತಾಜಾ. ಪ್ರತಿ ಎಲೆಯ ಮೇಲೂ ಸಾಸಿವೆ ಸಿಡಿದ ಹಾಗೆ ಕಂದು ಚುಕ್ಕಿಗಳು. ಉಳಿದವನ್ನು ನಾಳೆಗೆ ನಾಡಿದ್ದಿಗೆ ಬೇಕಾದೀತು ಅಂತ ಗಿಡದಲ್ಲೇ ಬಿಟ್ಟಿದ್ದೇನೆ, ತಾತನನ್ನು ಕಾವಲಿಗೆ ಕೂರಿಸಿ ಬಂದಿದ್ದೇನೆ ಅಂದರು.

ಪ್ರಯೋಗಶಾಲೆಗೆ ಕರೆದುಕೊಂಡು ಹೋದೆ. ಕ್ಯಾಂಟೀನಿನಿಂದ ಒಂದು ಕ್ಯಾರೆಟ್ ತರಿಸಿ, ಸೀಳಿ, ಎಲೆಯ ಚೂರು ಅಲುಗದಂತೆ ಅದರ ನಡುವೆ ಇಟ್ಟು, ಬ್ಲೇಡಿನಿಂದ ತೆಳ್ಳಗೆ ಕೊಯ್ದೆ. ಗಾಜಿನ ಮೇಲಿಟ್ಟು ಕಣ್ಣು ಹಚ್ಚಿದಾಗ ಎಲ್ಲ ಅಲ್ಲಿತ್ತು. ಎಲೆಯ ಬಾಗಿಲು, ಅದರೊಳಗೆ ನುಗ್ಗಿದ ಎಳೆ, ಎಳೆಯ ತುದಿಯಲ್ಲಿ ಕಂದಾಗಿ ಸತ್ತ ಕೆಲವೇ ಕೋಶಗಳು, ಅವುಗಳ ಸುತ್ತ ಹಸಿರು ತುಂಬಿದ ಜೀವಂತ ಕೋಶಗಳು. ಎಳೆ ಅಲ್ಲಿಂದ ಮುಂದೆ ಹೋಗಿರಲಿಲ್ಲ. ನನ್ನ ಪ್ರಬಂಧ ಅಷ್ಟೇ. ಮೂರು ವರ್ಷ ಒದ್ದಾಡಿದ್ದು ಇದನ್ನು ನೋಡುವುದಕ್ಕೆ. ನನಗೆ ಕೂಗಿಕೊಳ್ಳಬೇಕೆನಿಸಿತು.

"ಅತ್ತೆ, ನೀವೂ ನೋಡಿ."

ಮೊದಲು ಅವರಿಗೆ ತಮ್ಮ ರೆಪ್ಪೆಯ ಕೂದಲೇ ಕಂಡಿತು, ಹುಳ ಅಂದುಕೊಂಡು ಹಿಂದೆ ಸರಿದರು. ಮತ್ತೆ ಬಗ್ಗಿದರು. ಹಾಗೇ ಬಹಳ ಹೊತ್ತು ಉಳಿದರು.

"ಆ ಕಂದ್ಗೆ ಐತಲ್ಲ, ಅವೇನಾ ಸತ್ತಿರೋದು?"

"ಅವೇ."

"ಮೂರು... ನಾಕೇ ಐತಲ್ಲವ್ವ."

"ಅಷ್ಟೇ ಸಾಕು ಅತ್ತೆ. ಆ ನಾಲ್ಕು ಸತ್ತಿದ್ದಕ್ಕೆ ಎಲೆ ಉಳೀತು."

ಅವರು ಕಣ್ಣು ತೆಗೆಯಲಿಲ್ಲ. "ಪಕ್ಕದಾಗಿರೋವ್ಕೆ ಗೊತ್ತಾಯ್ತದಾ, ಇವು ಸತ್ತೋದ್ವು ಅಂತ?"

ಅಷ್ಟು ವರ್ಷದಲ್ಲಿ ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ, ಪ್ರೊಫೆಸರು ಕೂಡ. "ಗೊತ್ತಾಗುತ್ತೆ," ಅಂದೆ. "ಗೊತ್ತಾದ ಕೂಡಲೇ ತಮ್ಮ ತಮ್ಮ ಗೋಡೆ ದಪ್ಪ ಮಾಡ್ಕೊಂಡುಬಿಡ್ತವೆ. ಏನೂ ಒಳಗೆ ಬರದ ಹಾಗೆ."

"ನೀನೂ ಹನ್ನೊಂದ್ ದಿನ ಅಂಗೇ ಮಾಡಿದ್ಯಲ್ಲವ್ವ," ಅಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಸೊಪ್ಪಿನ ರಾಶಿಯಲ್ಲಿ ಒಂದು ಎಲೆಯನ್ನು ತೋರಿಸುವಷ್ಟು ಸಹಜವಾಗಿ ಹೇಳಿದ್ದರು.

ನನ್ನ ಕೈಯಲ್ಲಿ ಬ್ಲೇಡು ಹಾಗೇ ಇತ್ತು. ಬೇಕಾದದ್ದು ಗಾಜಿನ ಮೇಲೆ ಸಿಕ್ಕಿಯಾಗಿತ್ತು, ತಂದುಕೊಟ್ಟವರು ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದರು, ಅವರಿಗೆ ನಾನು ಆಡಿದ ಮಾತು ಇನ್ನೂ ಹಾಗೇ ಉಳಿದಿತ್ತು. ಬ್ಲೇಡನ್ನು ಮೇಜಿನ ಮೇಲಿಟ್ಟೆ.

"ತಪ್ಪಾಯ್ತು ಅತ್ತೆ. ಅವತ್ತು ಅಂಥಾ ಮಾತು ಆಡಬಾರದಿತ್ತು," ಅಂದೆ. ಆಮೇಲೆ ಅತ್ತುಬಿಟ್ಟೆ.

ಅತ್ತೆ ತಲೆಯೆತ್ತಿದರು. ಒತ್ತಿ ಹಿಡಿದಿದ್ದ ಒಂದು ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಇನ್ನೊಂದು ಕಣ್ಣೂ ಒದ್ದೆಯಾಗಿತ್ತು. ಸೆರಗಿನಲ್ಲಿ ಮೊದಲು ನನ್ನ ಮುಖ ಒರೆಸಿ, ಆಮೇಲೆ ತಮ್ಮದು ಒರೆಸಿಕೊಂಡರು.

"ಸತ್ತಿರೋದು ನಾಕೇ ಅಲ್ವಾ," ಅಂದರು. "ಮಿಕ್ಕಿದ್ದೆಲ್ಲಾ ಹಸ್ರಾಗೇ ಐತಲ್ಲ ಮಗಾ. ಬುಡು ಅತ್ಲಾಗೆ."

ಆಮೇಲೆ ಸೋಲೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.